ಬರೀ ಡಿಎನ್‌ಬಿಯಾ?

ಹಿಂಜವಾಡಿಯ ಕನ್ನಡದವರು ನನ್ನ ಬೋರ್ಡು ಓದಿ ಕೇಳುವುದುಂಟು: "ಡಾಕ್ಟ್ರೇ, ನೀವು ಎಂಎಸ್ ಅಲ್ವಾ? ಬರೀ ಡಿಎನ್‌ಬಿಯಾ?" ಆಪರೇಷನ್‌ಗೆ ಮೈ ಒಡ್ಡುವವರು ಕೇಳಲೇಬೇಕು. ಉತ್ತರ ಇಲ್ಲಿದೆ.

ಎರಡಕ್ಕೂ ಎಂಬಿಬಿಎಸ್ ಬಳಿಕ ನೀಟ್ ಪಿಜಿ ಬರೆಯಬೇಕು, ಮೂರು ವರ್ಷ ಸರ್ಜರಿ ಕಲಿಯಬೇಕು, ಥೀಸಿಸ್ ಒಪ್ಪಿಸಬೇಕು. ಎಂಎಸ್ ಕೊಡುವುದು ವಿಶ್ವವಿದ್ಯಾಲಯ. ಡಿಎನ್‌ಬಿ ಕೊಡುವುದು 1982ರಲ್ಲಿ ಸ್ವಾಯತ್ತವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಕಲಿಕೆ ಮಂಡಳಿ ಒಪ್ಪಿದ ಆಸ್ಪತ್ರೆಗಳಲ್ಲಿ. ಥಿಯರಿ ಪ್ರಶ್ನೆಪತ್ರಿಕೆ ದೇಶಕ್ಕೆಲ್ಲ ಒಂದೇ. ತಲಾ 100 ಅಂಕದ ನಾಲ್ಕು ಪತ್ರಿಕೆಗಳಲ್ಲಿ ಪಾಸಾಗಲು ಒಟ್ಟು 200 ಬೇಕು. ಆಮೇಲಷ್ಟೇ ಪ್ರಾಯೋಗಿಕ. ನಾನು ಅದಕ್ಕಾಗಿ ಪರವೂರಿಗೆ ಹೋದೆ. ಗುರುತಿಲ್ಲದ ರೋಗಿ, ಗುರುತಿಲ್ಲದ ಪರೀಕ್ಷಕರು. ರೋಗಿಯ ಹೊಟ್ಟೆ ಮುಟ್ಟಿ ನೋಡಿ, ಕೊಯ್ಯಬೇಕೋ ಬೇಡವೋ, ಏಕೆ ಎಂದು ವಿವರಿಸಬೇಕಿತ್ತು. 'ಬರೀ' ಎನ್ನುವಂಥದ್ದೇನೂ ಅಲ್ಲಿರಲಿಲ್ಲ.

ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಕಂಡರೆ, ಒಂದೇ ವಿಭಾಗದಲ್ಲಿ ಇನ್ನಷ್ಟು ವರ್ಷದ ಕಲಿಕೆ ಎಂದರ್ಥ. ಎಫ್‌ಎಂಎಎಸ್‌ನಂಥವು ಲ್ಯಾಪರೊಸ್ಕೋಪಿಯ ಕಿರು ತರಬೇತಿ. ಪದವಿಗೆ ಜೊತೆಯಾದಾವು, ಬದಲಿಯಾಗವು.

ಆದರೆ ಪರೀಕ್ಷೆ ನಡೆಯುವುದು ಒಮ್ಮೆ, ಕೈ ಪಳಗುವುದು ದಿನವೂ. ಆದ್ದರಿಂದ ಪದವಿಯ ಜೊತೆಗೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ಲಿನ ನೋಂದಣಿ ನೋಡಿ. "ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ?" ಎಂದೂ ಕೇಳಿ. ನನ್ನನ್ನು ಕೇಳಿದರೂ ಸರಿಯೇ.