ಕಿಟಕಿ ತೆರೆದಿಡಿ, ಬಿ.ಪಿ. ನೋಡಿಸಿಕೊಳ್ಳಿ

ಸಾಂಕ್ರಾಮಿಕ ಬಂದ ದಿನ ಕಲಿಯಲು ಪುರಸೊತ್ತು ಇರುವುದಿಲ್ಲ. ಆ ದಿನಕ್ಕೆ ಬೇಕಾದ ಅಭ್ಯಾಸಗಳು ಮಾಮೂಲಿ ದಿನಗಳಲ್ಲೇ ರೂಢಿಯಾಗಬೇಕು.

ಕೋವಿಡ್‌ನಿಂದ ದೇಶದ ಮೊದಲ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಮೂರು ವರ್ಷಗಳ ನಂತರ, 2023ರ ಮೇ 5ರಂದು, ಜಾಗತಿಕ ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಷ್ಟರಲ್ಲಿ ಅಂಗಡಿ ಬಾಗಿಲಿನ ಸ್ಯಾನಿಟೈಸರ್ ಬಾಟಲಿ, ರೇಷನ್ ಅಂಗಡಿ ಮುಂದೆ ಬರೆದಿದ್ದ ಸುಣ್ಣದ ವೃತ್ತ, ಜೇಬಿನಲ್ಲಿದ್ದ ಮಾಸ್ಕ್ ಎಲ್ಲವೂ ಕಾಣೆಯಾಗಿದ್ದವು. ಭಯ ಹೋದದ್ದು ಒಳ್ಳೆಯದೇ ಆಯಿತು. ಆದರೆ ಉಳಿಯಬೇಕಾಗಿದ್ದ ಕೆಲವು ಅಭ್ಯಾಸಗಳೂ ಭಯದ ಜೊತೆಗೇ ಹೊರಟುಹೋದವು. ವೈದ್ಯೆಯಾಗಿ ನನ್ನ ಕಳವಳ ಅದು.

ನಮ್ಮಲ್ಲಿ ಲಸಿಕೆ ಕೊಡಲು ಶುರುಮಾಡಿದ್ದು 2021ರ ಜನವರಿ 16ರಂದು. ಅದಕ್ಕೆ ಮೊದಲಿನ ಹತ್ತು ತಿಂಗಳು ಜನರನ್ನು ಕಾಪಾಡಿದ್ದು ಏನು? ಬೀಸುವ ಗಾಳಿ, ತೊಳೆದ ಕೈ, ಮುಚ್ಚಿದ ಮೂಗು, ಜ್ವರ ಬಂದಾಗ ಬೇರೆಯಾಗಿ ಉಳಿದ ಸಂಯಮ, ಮತ್ತು ಅವರವರ ದೇಹದ ಸ್ಥಿತಿ. ಇವುಗಳಲ್ಲಿ ಯಾವುದನ್ನೂ ಒಂದು ವಾರದಲ್ಲಿ ಸಂಪಾದಿಸಲು ಬರುವುದಿಲ್ಲ.

ಇಲಿ ಬಿದ್ದ ಕಾಲದ ಪಾಠ

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಬಿತ್ತೆಂದರೆ ಊರಿಗೆ ಊರೇ ಖಾಲಿಯಾಗಿ ಹೊಲದ ಗುಡಿಸಲು ಸೇರುತ್ತಿತ್ತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಕಾಲದ ಸಂಕಟ ಹೊಸತಲ್ಲ. 1898ರಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಇಕ್ಕಟ್ಟಾದ ಪೇಟೆಯ ಹೊರಗೆ ಗಾಳಿ ಬೆಳಕು ಆಡುವಂತೆ, ಅಗಲವಾದ ರಸ್ತೆಗಳೊಂದಿಗೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ತಲೆಯೆತ್ತಿದ್ದು ಆಗಲೇ. ಪ್ಲೇಗು ಹೋಯಿತು, ಅದು ಕಲಿಸಿದ ಪಾಠ ಬೀದಿಗಳಾಗಿ ಉಳಿಯಿತು. ಕೋವಿಡ್ ಕಲಿಸಿದ್ದು ನಮ್ಮಲ್ಲಿ ಯಾವ ರೂಪದಲ್ಲಿ ಉಳಿದಿದೆ ಎಂದು ನಾವು ಕೇಳಿಕೊಳ್ಳಬೇಕು.

ಮೊದಲ ಮದ್ದು ಗಾಳಿ

ಆರಂಭದಲ್ಲಿ ಹಾಲಿನ ಪ್ಯಾಕೆಟ್ಟು, ತರಕಾರಿಗಳನ್ನೂ ತೊಳೆದೆವು. ಕೋವಿಡ್ ಮುಖ್ಯವಾಗಿ ಹರಡುವುದು ಉಸಿರಿನ ಗಾಳಿಯಿಂದ ಎಂಬುದು ಆಮೇಲೆ ಸ್ಪಷ್ಟವಾಯಿತು. ಮುಚ್ಚಿದ ಕೋಣೆಯಲ್ಲಿ ಒಬ್ಬರು ಬೀಡಿ ಸೇದಿದರೆ ಹೊಗೆ ಮೂಲೆಮೂಲೆಗೂ ಹೋಗುತ್ತದೆ, ಅವರು ಎದ್ದುಹೋದ ಮೇಲೂ ನಿಂತಿರುತ್ತದೆ. ಸೋಂಕಿತರ ಉಸಿರಿನ ಸೂಕ್ಷ್ಮ ಹನಿಗಳದ್ದೂ ಅದೇ ಕತೆ. ಫ್ಲೂ, ದಡಾರ, ಕ್ಷಯ ಇವೆಲ್ಲವೂ ಮುಚ್ಚಿದ ಗಾಳಿಯಲ್ಲಿ ಸುಲಭವಾಗಿ ಹಬ್ಬುತ್ತವೆ.

ಹಾಗಾಗಿ ಎದುರುಬದುರು ಎರಡು ಕಿಟಕಿಗಳನ್ನು ತೆರೆದಿಡಿ. ಸೊಳ್ಳೆಗೆ ಹೆದರಿ ಮುಚ್ಚುವವರು ಕಿಟಕಿಗೆ ಜಾಲರಿ ಹಾಕಿಸಿ. ಮನೆಯಲ್ಲಿ ಯಾರಿಗಾದರೂ ಕೆಮ್ಮಿದ್ದರೆ ಅವರ ಕೋಣೆಗೆ ಗಾಳಿ ಮೊದಲು ಸಿಗಲಿ. ಎ.ಸಿ. ಹಾಕಿ ಬಾಗಿಲು ಬಿಗಿದ ತರಗತಿ, ಕಚೇರಿ, ಕಲ್ಯಾಣ ಮಂಟಪಗಳಲ್ಲಿ ಒಂದಿಷ್ಟು ಹೊತ್ತಾದರೂ ಕಿಟಕಿ ತೆರೆಯಲಿ. ಆಸ್ಪತ್ರೆಗೆ ಹೋಗುವಾಗ, ನೆಗಡಿಯಲ್ಲೂ ಬಸ್ಸು ಹತ್ತಲೇಬೇಕಾದಾಗ ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಾಕಿ. ಗದ್ದಕ್ಕೆ ಇಳಿದ ಮಾಸ್ಕ್‌ನಿಂದ ಯಾರಿಗೂ ಉಪಯೋಗವಿಲ್ಲ.

ಇನ್ನು ಕೈ. ಕೊರೊನಾ, ಫ್ಲೂ ವೈರಸ್‌ಗಳ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದುಹಾಕುತ್ತದೆ. ದುಬಾರಿ ಸೋಪೇ ಆಗಬೇಕಿಲ್ಲ. ಬೆರಳ ಸಂದಿ, ಉಗುರು, ಹೆಬ್ಬೆರಳನ್ನೂ ಸೇರಿಸಿ 20 ಸೆಕೆಂಡು ಉಜ್ಜಿದರೆ ಸಾಕು. ಊಟಕ್ಕೆ ಮುಂಚೆ, ಶೌಚದ ನಂತರ, ಹೊರಗಿನಿಂದ ಬಂದ ಕೂಡಲೇ ಇದು ತಪ್ಪದಿದ್ದರೆ ಮಕ್ಕಳ ವಾಂತಿ-ಭೇದಿಯೂ ಕಡಿಮೆಯಾಗುತ್ತದೆ.

ಜ್ವರ ಬಂದಾಗ

‘ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ, ನಾಳೆ ಕೆಲಸಕ್ಕೆ ಹೋಗ್ಬೇಕು.’ ನಾವು ದಿನವೂ ಕೇಳುವ ಮಾತಿದು. ಸಾಮಾನ್ಯ ವೈರಲ್ ಜ್ವರಕ್ಕೆ ಬೇಕಾದದ್ದು ವಿಶ್ರಾಂತಿ, ಧಾರಾಳ ನೀರು, ಗಂಜಿ, ವೈದ್ಯರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್. ಆ್ಯಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಿದ ನಾಲ್ಕು ಮಾತ್ರೆ ಇಂದಿನ ಜ್ವರಕ್ಕೂ ಸಲ್ಲುವುದಿಲ್ಲ, ನಿಜವಾಗಿ ಬೇಕಾದ ದಿನ ಕೆಲಸ ಮಾಡುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ.

ಸ್ಟೀರಾಯ್ಡ್‌ನ ಕತೆ ಇನ್ನೂ ಗಂಭೀರ. ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳ ಜೀವವನ್ನು ಡೆಕ್ಸಾಮೆಥಾಸೋನ್ ಉಳಿಸುತ್ತದೆಂದು 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಅಧ್ಯಯನ ತೋರಿಸಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭವಿಲ್ಲ ಎಂದೂ ಅದೇ ಅಧ್ಯಯನ ಹೇಳಿತ್ತು. 2021ರ ಎರಡನೇ ಅಲೆಯಲ್ಲಿ ಕಣ್ಣು, ದವಡೆ ಕಿತ್ತುಕೊಂಡ ಕಪ್ಪು ಶಿಲೀಂಧ್ರದ ಹಿಂದೆ ಹತೋಟಿ ತಪ್ಪಿದ ಶುಗರ್ ಮತ್ತು ಸ್ಟೀರಾಯ್ಡ್‌ನ ಅತಿ ಬಳಕೆ ಎರಡೂ ಇದ್ದವು. ಔಷಧಿಯ ಹೆಸರು ಗೊತ್ತಿದ್ದರೆ ಸಾಲದು, ಯಾರಿಗೆ, ಯಾವಾಗ, ಎಷ್ಟು ಎಂಬುದು ಅಷ್ಟೇ ಮುಖ್ಯ.

ಶುಂಠಿ ಮೆಣಸಿನ ಕಷಾಯ ಗಂಟಲಿಗೆ ಹಿತ. ಕುಡಿಯಿರಿ, ಆದರೆ ಅದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಬೇಡಿ. ಮಕ್ಕಳಿಗೆ ಕುದಿನೀರಿನ ಹಬೆ ಬೇಡವೇ ಬೇಡ, ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯವಿದೆ. ಸುಮ್ಮನೆ ಕುಳಿತಾಗಲೂ ಏದುಸಿರು, ಎದೆನೋವು, ಮಂಕು, ಮೂರು ದಿನ ದಾಟಿದ ಜ್ವರ, ಕಡಿಮೆಯಾದ ಮೂತ್ರ, ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗಿನ ಅಂಕಿ ಕಂಡರೆ ಕಾಯದೆ ಹೊರಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯೂ ಔಷಧಿಯೂ ಉಚಿತ.

ನೋವಿಲ್ಲದ ಎರಡು ಕಾಯಿಲೆಗಳು

ಕೋವಿಡ್‌ನಲ್ಲಿ ಹೆಚ್ಚು ನಲುಗಿದವರು ವಯಸ್ಸಾದವರು, ಮತ್ತು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು, ಮೂತ್ರಪಿಂಡದ ತೊಂದರೆ ಇದ್ದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಬಿ.ಪಿ. ಆಗಲಿ ಶುಗರ್ ಆಗಲಿ ಮೊದಮೊದಲು ನೋಯುವುದಿಲ್ಲ. ‘ನಂಗೇನೂ ಆಗ್ತಿಲ್ವಲ್ಲ’ ಎಂದು ಮಾತ್ರೆ ಬಿಡುವವರು ಹೆಚ್ಚು. ಏನೂ ಆಗದಿರುವುದು ಆ ಮಾತ್ರೆಯಿಂದಲೇ.

ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಶುಗರ್ ತಪಾಸಣೆ ಉಚಿತ. ಬಿ.ಪಿ. ಪದೇಪದೇ 140/90 ದಾಟಿದರೆ ವೈದ್ಯರನ್ನು ಕಾಣಿ. ಅರವತ್ತು ದಾಟಿದವರು, ಉಬ್ಬಸ, ಹೃದಯದ ತೊಂದರೆ ಇರುವವರು ಪ್ರತಿ ವರ್ಷದ ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ಕೇಳಿ ತಿಳಿಯಿರಿ.

ಊಟದ ಬಗ್ಗೆ ಹೇಳುವುದು ಸರಳ. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ, ಕೋಸಂಬರಿ ಇರಲಿ. ಕಾಳು, ಬೇಳೆ, ಮೊಟ್ಟೆ, ಮೀನು ಯಾವುದು ಒಗ್ಗುವುದೋ ಅದು ದಿನವೂ ಇರಲಿ. ರಾಗಿ ಒಳ್ಳೆಯದೇ, ಆದರೆ ಶುಗರ್ ಇದ್ದವರಿಗೆ ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚವೂ ಆಗಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದ ಉಪ್ಪೂ ಅದರಲ್ಲೇ ಸೇರಬೇಕು.

ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ರಾತ್ರಿ ಏಳು ಗಂಟೆಯ ನಿದ್ದೆ, ತಂಬಾಕಿಗೆ ಪೂರ್ಣವಿರಾಮ. ಮನಸ್ಸು ಕುಗ್ಗಿದಾಗ ಮರೆಮಾಚಬೇಡಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಳೆಗಾಲದಲ್ಲಿ ಇನ್ನೊಂದು ಕೆಲಸವಿದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದನ್ನು ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ನಮ್ಮದೇ ಡ್ರಮ್ಮು, ಹೂಕುಂಡದ ತಟ್ಟೆ, ಹಳೇ ಟೈರಿನ ನಿಂತ ನೀರಿನಲ್ಲಿ. ವಾರಕ್ಕೊಮ್ಮೆ ಇವನ್ನು ಬರಿದು ಮಾಡಿ ಉಜ್ಜಿದರೆ ಮೊಟ್ಟೆ ಸೊಳ್ಳೆಯಾಗುವುದಿಲ್ಲ. ಡೆಂಗಿಯ ಅನುಮಾನವಿದ್ದಾಗ ಆಸ್ಪಿರಿನ್, ಐಬುಪ್ರೊಫೇನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಮಲಗುವ ಹಕ್ಕು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ‘ಜ್ವರವಿದ್ದರೆ ಮನೆಯಲ್ಲೇ ಇರಿ’ ಎನ್ನುವುದು ವೈದ್ಯರಿಗೆ ಸುಲಭ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆಲಸದವರು ಒಂದು ದಿನ ಮಲಗಿದರೆ ಆ ದಿನದ ಕೂಲಿ ಹೋಗುತ್ತದೆ. ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುವ ಶಾಲೆ, ಕೆಮ್ಮುವ ಮಗುವನ್ನೂ ತರಗತಿಗೆ ಕರೆದಂತೆಯೇ. ಆ ಬಹುಮಾನ ನಿಲ್ಲಲಿ. ಮನೆಗೆಲಸದಾಕೆಗೆ ಜ್ವರ ಬಂದ ದಿನದ ಸಂಬಳ ಹಿಡಿಯುವುದು ಬೇಡ. ಕೆಮ್ಮುವ ನೌಕರನನ್ನು ಮನೆಗೆ ಕಳಿಸುವುದನ್ನು ಮಾಲೀಕರು ನಷ್ಟವೆಂದು ಎಣಿಸದಿರಲಿ.

ಕೋವಿಡ್ ಕಾಲದಲ್ಲಿ ಮನೆಮನೆಗೂ ನಡೆದ ಆಶಾ ಕಾರ್ಯಕರ್ತೆಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿತು. ಅವರು ನಿಮ್ಮ ಬಾಗಿಲಿಗೆ ಬಂದಾಗ ಒಳಗೆ ಕರೆದು ಕೂರಿಸಿ, ಕೇಳಿದ್ದಕ್ಕೆ ನಿಜ ಹೇಳಿ. ಯಾವ ಮನೆಯಲ್ಲಿ ಜ್ವರ, ಯಾರ ಮಾತ್ರೆ ಮುಗಿದಿದೆ, ಯಾವ ಮಗುವಿಗೆ ಲಸಿಕೆ ತಪ್ಪಿದೆ ಎಂಬುದು ತಿಳಿದಿರುವ ಬೀದಿಯಲ್ಲಿ ಸೋಂಕು ಬೇಗ ಪತ್ತೆಯಾಗುತ್ತದೆ, ಬೇಗ ಪತ್ತೆಯಾದರೆ ಕಡಿಮೆ ಜನ ಸಾಯುತ್ತಾರೆ.