ಹಾಡು ಬರೆದೇ ಬದುಕಿದ ದಂಪತಿ

ಹಾಡೊಂದು ಜನಪ್ರಿಯವಾದಾಗ ಹಾಡಿದವರ ಹೆಸರನ್ನು ನಾವು ನೆನಪಿಡುತ್ತೇವೆ. ಬರೆದವರಾರೆಂದು ಕೇಳುವುದು ಕಡಿಮೆ. ಅಮೆರಿಕದ ಎವರ್ಲಿ ಸಹೋದರರನ್ನು ಬಲ್ಲವರಲ್ಲಿಯೂ ಅವರಿಗೆ ಹಾಡು ಕೊಟ್ಟ ಬೂಡ್ಲೋ ಮತ್ತು ಫೆಲೀಸ್ ಬ್ರಯಂಟ್ ದಂಪತಿಯನ್ನು ಅರಿತವರು ವಿರಳ. ಅಲ್ಲಿನ ಹಳ್ಳಿಗಾಡಿನ 'ಕಂಟ್ರಿ' ಸಂಗೀತಕ್ಕೂ ತರುಣರ 'ಪಾಪ್' ಸಂಗೀತಕ್ಕೂ ಹಾಡು ಬರೆದವರು ಇವರು.

1920ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜನಿಸಿದ ಬೂಡ್ಲೋ ಶಾಸ್ತ್ರೀಯ ಪಿಟೀಲು ಕಲಿತವರು. ಅಟ್ಲಾಂಟಾದ ವಾದ್ಯವೃಂದವೊಂದರಲ್ಲಿ ನುಡಿಸಿ, ಬಳಿಕ ಹಳ್ಳಿ ಹಾಡಿನ ಮೇಳಗಳನ್ನು ಸೇರಿದರು. 1945ರಲ್ಲಿ ಮಿಲ್ವಾಕಿಯ ಹೋಟೆಲೊಂದರಲ್ಲಿ ನುಡಿಸಲು ಹೋದಾಗ, ಅಲ್ಲಿ ಲಿಫ್ಟ್ ನಡೆಸುತ್ತಿದ್ದ ಫೆಲೀಸರ ಪರಿಚಯವಾಗಿ, ಅದೇ ವರ್ಷ ಮದುವೆಯೂ ಆಯಿತು. ಹೊತ್ತು ಕಳೆಯಲು ತೊಡಗಿದ ಹಾಡಿನ ರಚನೆಯೇ ಮುಂದೆ ಕಸುಬಾಯಿತು. 1949ರಲ್ಲಿ ಲಿಟ್ಲ್ ಜಿಮ್ಮಿ ಡಿಕನ್ಸ್ ಹಾಡಿದ 'ಕಂಟ್ರಿ ಬಾಯ್' ದಾರಿ ತೆರೆಯಿತು. ಮರುವರ್ಷ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ನೆಲೆಸಿದರು. ವೇದಿಕೆ ಏರದೆ, ಬರೆದೇ ಸಂಸಾರ ಸಾಗಿಸಿದ ಅಲ್ಲಿನ ಮೊದಲಿಗರಲ್ಲಿ ಇವರು ಸೇರುತ್ತಾರೆ. ದಪ್ಪ ಲೆಕ್ಕದ ಪುಸ್ತಕಗಳಲ್ಲಿ ಹಾಡುಗಳನ್ನು ಬರೆದಿಡುವುದು ಇವರ ಪದ್ಧತಿಯಾಗಿತ್ತು.

'ಬೈ ಬೈ ಲವ್' ಹಾಡನ್ನು ಹಲವು ಗಾಯಕರು ಬೇಡವೆಂದರು. ಕಡೆಗೆ 1957ರಲ್ಲಿ ಎವರ್ಲಿ ಸಹೋದರರು ಹಾಡಿದಾಗ ಅದು ದೇಶವನ್ನೇ ಸೆಳೆಯಿತು. ಮರುವರ್ಷ ಇವರದೇ ಇನ್ನೊಂದು ಹಾಡು, 'ಆಲ್ ಐ ಹ್ಯಾವ್ ಟು ಡೂ ಈಸ್ ಡ್ರೀಮ್', ಪಾಪ್ ಪಟ್ಟಿಯಲ್ಲಿಯೂ ಕಂಟ್ರಿ ಪಟ್ಟಿಯಲ್ಲಿಯೂ ಮೊದಲ ಸ್ಥಾನ ಪಡೆಯಿತು.

ನಮಗೆ ಹೆಚ್ಚು ಮೆಚ್ಚಿಕೆಯಾಗುವುದು ದಂಪತಿಯ ದೂರದೃಷ್ಟಿ. ಹಾಡಿನ ಹಕ್ಕು ಪ್ರಕಾಶಕರ ಪಾಲಾಗಿಯೇ ಉಳಿಯುವುದು ಆಗ ಸಾಮಾನ್ಯವಾಗಿತ್ತು. ಇವರಾದರೋ ಹತ್ತು ವರ್ಷ ಕಳೆದ ಮೇಲೆ ಹಕ್ಕು ತಮಗೇ ಮರಳುವಂತೆ ಕರಾರು ಮಾಡಿಕೊಂಡಿದ್ದರು. ಅಡವಿಟ್ಟ ಹೊಲ ಬಿಡಿಸಿಕೊಂಡಂತೆ ಹಾಡುಗಳನ್ನು ಬಿಡಿಸಿಕೊಂಡು, 1967ರಲ್ಲಿ 'ಹೌಸ್ ಆಫ್ ಬ್ರಯಂಟ್' ಎಂಬ ಸ್ವಂತ ಪ್ರಕಾಶನ ತೆರೆದರು.

ಅದೇ ವರ್ಷ ಗ್ಯಾಟ್ಲಿನ್‌ಬರ್ಗ್ ಎಂಬ ಬೆಟ್ಟದೂರಿನಲ್ಲಿ ಕುಳಿತು, ಮುಪ್ಪಿನ ಕುರಿತು ನಿಧಾನಗತಿಯ ಹಾಡುಗಳನ್ನು ಬರೆಯುತ್ತಿದ್ದಾಗ ಫೆಲೀಸರಿಗೆ ಬೇಸರ ಬಂತು. ಲವಲವಿಕೆಯ ಹಾಡೊಂದು ಬೇಕೆಂದರು. ಹತ್ತೇ ನಿಮಿಷದಲ್ಲಿ 'ರಾಕಿ ಟಾಪ್' ಸಿದ್ಧವಾಯಿತಂತೆ! 1982ರಲ್ಲಿ ಟೆನೆಸಿ ಅದನ್ನು ತನ್ನ ರಾಜ್ಯಗೀತೆಗಳಲ್ಲೊಂದಾಗಿ ಅಂಗೀಕರಿಸಿತು.

ಬೂಡ್ಲೋ 1987ರಲ್ಲಿ, ಫೆಲೀಸ್ 2003ರಲ್ಲಿ ತೀರಿಕೊಂಡರು. ಇಬ್ಬರೂ ಟೆನೆಸಿಯಲ್ಲಿ ಹುಟ್ಟಿದವರಲ್ಲ. ಆದರೂ ಅಲ್ಲಿಯ ಜನ ತಮ್ಮ ನಾಡಿನ ಹಾಡೆಂದು ಎದ್ದುನಿಂತು ಹಾಡುವುದು ಇವರು ಬರೆದದ್ದನ್ನು. ಬರೆದವರ ಹೆಸರು ಅವರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ!