ಮಗುವಿನ ‘ಏಕೆ’ಯೂ ಮಿದುಳಿನ ರಸಾಯನವೂ

ಕೆಲವು ವರ್ಷಗಳ ಹಿಂದಿನ ಮಾತು. ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ಸಂಜೆ. ಬೆಂಗಳೂರಿನ ನಮ್ಮ ಮನೆಯ ಮಹಡಿಯ ಮೇಲೆ ಮನೆಮಂದಿಯೆಲ್ಲ ಪಡುವಣಕ್ಕೆ ಮುಖಮಾಡಿ ನಿಂತಿದ್ದೆವು. ಬಾಲಚಂದ್ರ ಕಂಡರೆ ಮರುದಿನದಿಂದಲೇ ರಂಜಾನ್ ಉಪವಾಸ. ಕಾಣದಿದ್ದರೆ ತಿಂಗಳಿಗೆ ಮೂವತ್ತು ದಿನ ತುಂಬಿಸಬೇಕು. ಬಾನಂಚಿನಲ್ಲಿ ಮೋಡ ಕವಿದಿತ್ತು, ಚಂದ್ರ ಕಾಣಲಿಲ್ಲ. ಅಷ್ಟರಲ್ಲಿ ಮಂಗಳೂರಿನಿಂದ ಫೋನ್ ಬಂದಿತು: ಅಲ್ಲಿ ನಾಳೆಯೇ ಉಪವಾಸವಂತೆ.

ಎಂಟು ವರ್ಷದ ನಮ್ಮ ಮಗಳು ಕೇಳಿದಳು: “ಅಬ್ಬಾ, ಮಾಮೂ ಊರಿನ ಚಂದ್ರ ಬೇರೆ, ನಮ್ಮ ಚಂದ್ರ ಬೇರೆಯೇ?”

ದಿನವಿಡೀ ತರಗತಿಗಳಲ್ಲಿ ಬೆಳಕಿನ ಪಾಠ ಹೇಳಿ ದಣಿದು ಬಂದಿದ್ದ ನಾವು, “ದೊಡ್ಡವರು ಹೇಳಿದ್ದನ್ನು ಕೇಳು, ಇಂಥ ಪ್ರಶ್ನೆಯೆಲ್ಲ ಬೇಡ” ಎಂದುಬಿಟ್ಟೆವು. ಮಗುವಿನ ಮುಖ ಬಾಡಿತು. ಪಕ್ಕದಲ್ಲಿದ್ದ ನಮ್ಮ ತಾಯಿ ಮಾತ್ರ, “ಒಳ್ಳೆಯ ಮಾತು ಕೇಳಿದೆ, ಬೇಟಾ. ನನಗೂ ಗೊತ್ತಿಲ್ಲ. ನಾಳೆ ಸಂಜೆ ಇಬ್ಬರೂ ಮತ್ತೆ ನೋಡೋಣ” ಎಂದರು. ಭೌತಶಾಸ್ತ್ರದ ಪದವಿಯಿದ್ದ ನಾವು ಮುಚ್ಚಿದ ಬಾಗಿಲನ್ನು ಶಾಲೆಯ ಮೆಟ್ಟಿಲು ಹತ್ತದ ಅವರು ತೆರೆದರು. ಅಂದು ನಮಗಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಕುತೂಹಲವೆಂದರೇನು? ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಒಂದು ಕೋಶದಿಂದ ಇನ್ನೊಂದಕ್ಕೆ ಸುದ್ದಿ ಸಾಗುವುದು ಬಹುಮಟ್ಟಿಗೆ ರಾಸಾಯನಿಕ ದ್ರವ್ಯಗಳ ಮೂಲಕ. ಅವುಗಳಲ್ಲೊಂದರ ಹೆಸರು ಡೋಪಮೀನ್. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಒಂದು ಪ್ರಯೋಗ ನಡೆಸಿದರು. ರಿಸರ್ಪೀನ್ ಎಂಬ ಔಷಧಿಯಿಂದ ನಿಶ್ಚೇಷ್ಟಿತವಾಗಿದ್ದ ಪ್ರಾಣಿಗಳಿಗೆ, ಡೋಪಮೀನ್ ಆಗಿ ಮಾರ್ಪಡುವ ಎಲ್-ಡೋಪಾ ಎಂಬ ವಸ್ತುವನ್ನು ಕೊಟ್ಟಾಗ ಅವು ಮತ್ತೆ ಚೇತರಿಸಿಕೊಂಡು ಓಡಾಡಿದವು. ಡೋಪಮೀನ್ ಸ್ವತಃ ಒಂದು ಸಂದೇಶವಾಹಕವೆಂಬ ತಿಳಿವಳಿಕೆ ಬೆಳೆದುದು ಇಂಥ ಪ್ರಯೋಗಗಳಿಂದ. ಈ ಕಾರ್ಯಕ್ಕಾಗಿ ಕಾರ್ಲ್‌ಸನ್ ಅವರು 2000ದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಡೋಪಮೀನ್ ‘ಸುಖದ ದ್ರವ್ಯ’ವೆಂದು ಹೇಳುವ ವಾಡಿಕೆಯುಂಟು. ಅದು ಪೂರ್ತಿ ನಿಜವಲ್ಲ. ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ನಡುಮಿದುಳಿನ ಡೋಪಮೀನ್ ಕೋಶಗಳನ್ನು ಪರೀಕ್ಷಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ದೊರೆತಾಗ ಆ ಕೋಶಗಳು ಉದ್ರೇಕಗೊಂಡವು. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ಸೂಚನೆ ಬರುವುದೆಂದು ಕೋತಿ ಕಲಿತ ಮೇಲೆ, ಕೋಶಗಳು ರಸಕ್ಕೆ ಸುಮ್ಮನಿದ್ದು ಸೂಚನೆಗೇ ಉದ್ರೇಕಗೊಂಡವು. ಸೂಚನೆ ಬಂದೂ ರಸ ಬಾರದಿದ್ದರೆ, ಬರಬೇಕಾಗಿದ್ದ ಗಳಿಗೆಯಲ್ಲಿ ಅವುಗಳ ಚಟುವಟಿಕೆ ಕುಗ್ಗಿತು. ನಿರೀಕ್ಷಿಸಿದ್ದಕ್ಕೂ ದೊರೆತದ್ದಕ್ಕೂ ಇರುವ ವ್ಯತ್ಯಾಸವನ್ನು ಮಿದುಳು ಹೀಗೆ ಲೆಕ್ಕವಿಡುತ್ತದೆ. ಶುಲ್ಟ್ಸ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ವಿಶದವಾಗಿ ನಿರೂಪಿಸಿದರು.

ಹಣ್ಣಿನ ರಸಕ್ಕೂ ಚಂದ್ರನ ಪ್ರಶ್ನೆಗೂ ಏನು ನಂಟು ಎಂದು ವಾಚಕರು ಕೇಳಬಹುದು. 2014ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯಲ್ಲಿ ನಡೆದ ಪ್ರಯೋಗವನ್ನು ಗಮನಿಸೋಣ. ಜನರಿಗೆ ಹಲವು ಸಾಮಾನ್ಯಜ್ಞಾನದ ಪ್ರಶ್ನೆಗಳನ್ನು ಕೊಟ್ಟು, ಯಾವುದರ ಉತ್ತರ ತಿಳಿಯಲು ಎಷ್ಟು ಕುತೂಹಲವೆಂದು ಮೊದಲೇ ಕೇಳಿಕೊಳ್ಳಲಾಯಿತು. ಬಳಿಕ, ಉತ್ತರಕ್ಕಾಗಿ ಕಾಯುತ್ತಿದ್ದ ಕೆಲವು ಸೆಕೆಂಡುಗಳ ನಡುವೆ, ಸಂಬಂಧವೇ ಇಲ್ಲದ ಒಂದು ಮುಖದ ಚಿತ್ರವನ್ನು ತೋರಿಸಲಾಯಿತು. ಕುತೂಹಲ ಹೆಚ್ಚಿದ್ದ ಪ್ರಶ್ನೆಗಳ ಉತ್ತರಗಳು ಚೆನ್ನಾಗಿ ನೆನಪಿನಲ್ಲುಳಿದವು. ಸೋಜಿಗವೆಂದರೆ, ಆಗ ಸುಮ್ಮನೆ ಕಣ್ಣಿಗೆ ಬಿದ್ದ ಮುಖಗಳೂ ಹೆಚ್ಚಾಗಿ ನೆನಪಿದ್ದವು! ಮಿದುಳಿನ ಚಿತ್ರಣದಲ್ಲಿ ಡೋಪಮೀನ್ ಕೋಶಗಳಿರುವ ನಡುಮಿದುಳೂ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಭಾಗವೂ ಚುರುಕಾದುದು ಕಂಡಿತು. ಇಂಥ ಯಂತ್ರವು ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು. ಡೋಪಮೀನನ್ನು ಅದು ನೇರವಾಗಿ ಕಾಣಲಾರದು. ಈ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡೇ ಹೇಳಬಹುದು: ಕೆರಳಿದ ಕುತೂಹಲವು ಕಲಿಕೆಗೆ ನೆಲವನ್ನು ಹದಮಾಡುತ್ತದೆ.

ಈ ಹಸಿವು ಮಾತು ಬರುವ ಮೊದಲೇ ಮೊಳೆಯುತ್ತದೆ. 2015ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹನ್ನೊಂದು ತಿಂಗಳ ಶಿಶುಗಳಿಗೆ ಒಂದು ಚಮತ್ಕಾರ ತೋರಿಸಿದರು. ಚೆಂಡೊಂದು ಗಟ್ಟಿಯಾದ ಗೋಡೆಯೊಳಗಿಂದ ತೂರಿಹೋದಂತೆ ಕಂಡಿತು. ಆಮೇಲೆ ಚೆಂಡನ್ನು ಕೈಗೆ ಕೊಟ್ಟರೆ, ಶಿಶುಗಳು ಅದನ್ನು ಕುಟ್ಟಿ ನೋಡಿದವು. ಆಟದ ವಾಹನವೊಂದು ಆಧಾರವಿಲ್ಲದೆ ಗಾಳಿಯಲ್ಲಿ ನಿಂತಂತೆ ಕಂಡಾಗಲಾದರೋ, ಅದನ್ನು ಕೆಳಕ್ಕೆ ಬೀಳಿಸಿ ನೋಡಿದವು! ಗಟ್ಟಿತನದ ಸಂದೇಹಕ್ಕೆ ಕುಟ್ಟುವುದು, ಗುರುತ್ವದ ಸಂದೇಹಕ್ಕೆ ಬೀಳಿಸುವುದು. ಪ್ರಯೋಗಶೀಲತೆ ನಮಗೆ ತೊಟ್ಟಿಲಿನಿಂದಲೇ ಬಂದದ್ದು.

ಇನ್ನು, ಮಗುವಿನ ಪ್ರಶ್ನೆಗೆ ಪ್ರತಿಸಲವೂ ಗದರಿಕೆಯೇ ದೊರೆತರೆ ಆಗುವುದೇನು? ಕೋತಿಯ ಮಿದುಳು ಕಲಿತಂತೆ, ಪ್ರಶ್ನೆಯಿಂದ ರಸ ದೊರೆಯದೆಂದು ಮಗುವೂ ಕಲಿಯಬಹುದಲ್ಲವೇ? ಇದು ನಮ್ಮ ಊಹೆ ಮಾತ್ರ; ಆದರೆ ತರಗತಿಯಲ್ಲಿ ಮೌನವಾಗಿ ಕುಳಿತ ಜಾಣ ವಿದ್ಯಾರ್ಥಿಗಳನ್ನು ಕಂಡಾಗಲೆಲ್ಲ ಈ ಊಹೆ ನಮ್ಮನ್ನು ಕಾಡುತ್ತದೆ.

ಧರ್ಮಶ್ರದ್ಧೆಯುಳ್ಳ ಮನೆಯಲ್ಲಿ ಪ್ರಶ್ನೆ ಅವಿಧೇಯತೆಯ ಲಕ್ಷಣವೆಂಬ ಅಳುಕು ಹಿರಿಯರಿಗಿರುವುದುಂಟು. ನಮ್ಮಂಥ ಮುಸ್ಲಿಮ್ ಮನೆಗಳಲ್ಲಿ ಈ ಅಳುಕಿಗೆ ಕಾರಣವಿಲ್ಲ. ಪ್ರವಾದಿಯವರಿಗೆ ಬಂದ ಮೊದಲ ದಿವ್ಯವಾಣಿಯು ಓದೆಂಬ ಆಜ್ಞೆಯಿಂದ ಆರಂಭವಾಯಿತೆಂಬುದು ಪರಂಪರೆ. ಸುಮಾರು 965ರಲ್ಲಿ ಬಸ್ರಾ ನಗರದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಥಮ್ ಅವರು ದೀಪಗಳನ್ನು ಸಾಲಾಗಿರಿಸಿ, ಸಣ್ಣ ಕಂಡಿಯ ಮೂಲಕ ಕತ್ತಲೆ ಕೋಣೆಯೊಳಕ್ಕೆ ಬೆಳಕು ಬೀಳಿಸಿದರು. ಒಂದು ದೀಪವನ್ನು ಮರೆಮಾಡಿದರೆ ಅದರ ಬೆಳಕಿನ ಮಚ್ಚೆ ಮಾತ್ರ ಮಾಯವಾಯಿತು. ಬೆಳಕು ನೇರ ರೇಖೆಯಲ್ಲಿ ಸಾಗುವುದೆಂಬುದಕ್ಕೆ ಇದು ಸಾಕ್ಷಿಯಾಯಿತು. ಪ್ರಾಚೀನ ಆಚಾರ್ಯ ಟಾಲೆಮಿಯ ಬಗ್ಗೆ ತಮಗಿದ್ದ ಸಂದೇಹಗಳನ್ನೇ ಅವರು ಒಂದು ಗ್ರಂಥವಾಗಿ ಬರೆದರು. ಅವರ ಸಮಕಾಲೀನರಾದ ಅಲ್-ಬಿರೂನಿಯವರು ಪ್ರಾರ್ಥನೆಯ ದಿಕ್ಕನ್ನು ಗಣಿತದಿಂದ ನಿರ್ಣಯಿಸಿದರು. ಭಾರತವನ್ನರಿಯಲು ಸಂಸ್ಕೃತವನ್ನೂ ಕಲಿತರು. ಶ್ರದ್ಧೆಯೂ ಪ್ರಶ್ನೆಯೂ ಇವರ ಮನೆಯಲ್ಲಿ ಒಟ್ಟಿಗೆ ಬಾಳಿದುವು.

ಎಲ್ಲ ಉತ್ತರವನ್ನೂ ನಾವೇ ಹೇಳಿಬಿಡುವುದೂ ಸರಿಯಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಲವು ಮರ್ಮಗಳುಳ್ಳ ಆಟಿಕೆಯ ಒಂದೇ ಮರ್ಮವನ್ನು ಪಾಠ ಹೇಳುವಂತೆ ತೋರಿಸಿಕೊಟ್ಟಾಗ, ಎಳೆಯ ಮಕ್ಕಳು ಉಳಿದವನ್ನು ಹುಡುಕುವ ಗೋಜಿಗೆ ಅಷ್ಟಾಗಿ ಹೋಗಲಿಲ್ಲ. ನಮ್ಮ ತಾಯಿಯವರ “ನೋಡೋಣ” ಎಂಬ ಮಾತಿನ ಬೆಲೆ ಇಲ್ಲಿದೆ.

ಮರುದಿನ ನಾವು ಮಗಳ ಕ್ಷಮೆ ಕೇಳಿ ಚಂದ್ರನ ಲೆಕ್ಕ ಹೇಳಿದೆವು. ಚಂದ್ರ ಒಂದೇ. ಅವನು ಸೂರ್ಯನಿಂದ ಗಂಟೆಗೆ ಸುಮಾರು ಅರ್ಧ ಡಿಗ್ರಿಯಷ್ಟು ದೂರ ಸರಿಯುತ್ತಾನೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಆದುದರಿಂದಲೇ ತಿಂಗಳು ಒಮ್ಮೆ 29, ಒಮ್ಮೆ 30. ಎಳೆಯ ಚಂದ್ರನ ಕೊಂಕು ತೀರ ತೆಳುವಾಗಿ ಸಂಜೆಗೆಂಪಿನಲ್ಲಿ ಕರಗಿರುತ್ತದೆ. ಒಂದೂರಿನಲ್ಲಿ ಮೋಡ, ಇನ್ನೊಂದೂರಿನಲ್ಲಿ ಬಯಲು. ಕಂಡೆವೆಂಬ ಸಾಕ್ಷ್ಯವನ್ನು ಒಪ್ಪುವ ಹಿರಿಯರೂ ಊರೂರಿಗೆ ಬೇರೆ. ಆ ಸಂಜೆ ಅಜ್ಜಿಗಿಂತ ಮೊದಲು ಚಂದ್ರನನ್ನು ಕಂಡವಳು ಅವಳೇ.

ಅಲ್ಲಿಂದ ಪ್ರಶ್ನೆಗಳಿಗೆ ಬರವಿಲ್ಲ. “ಮಸೀದಿ ನೆಟ್ಟಗೆ ಪಶ್ಚಿಮಕ್ಕಿಲ್ಲ, ಸ್ವಲ್ಪ ಓರೆ ಏಕೆ?” ಎಂದಳು. ಈ ಸಲ ನಾವು ಉತ್ತರ ಹೇಳಲಿಲ್ಲ. ಮೇ 28ರ ಸುಮಾರಿಗೆ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಸೂರ್ಯನು ಮಕ್ಕಾದ ಕಾಬಾ ಮಂದಿರದ ನೆತ್ತಿಯ ಮೇಲಿರುತ್ತಾನೆ. ಜುಲೈ 16ರ ಸುಮಾರಿಗೆ 2 ಗಂಟೆ 57 ನಿಮಿಷಕ್ಕೂ ಹಾಗೆಯೇ. ಆದರೆ ಆಗ ನಮ್ಮಲ್ಲಿ ಮುಂಗಾರು ಮೋಡ. ಆ ಗಳಿಗೆಯಲ್ಲಿ ನೆಟ್ಟಗೆ ನಿಂತ ಕೋಲಿನ ನೆರಳು ಮಕ್ಕಾಕ್ಕೆ ಸರಿಯಾಗಿ ವಿಮುಖವಾಗಿ ಬೀಳುತ್ತದೆ. ನೆರಳಿನ ತುದಿಯಿಂದ ಕೋಲಿನ ಬುಡದತ್ತ ನೋಡಿದರೆ ಅದೇ ಪ್ರಾರ್ಥನೆಯ ದಿಕ್ಕು. ಬೆಂಗಳೂರಿನಲ್ಲಿ ಅದು ಪಶ್ಚಿಮದಿಂದ ಉತ್ತರಕ್ಕೆ ಸುಮಾರು 18 ಡಿಗ್ರಿ ಓರೆ.

ಮಹಡಿಯ ಮೇಲೆ ಒಂದು ಮೀಟರಿನ ಕೋಲು ನಿಲ್ಲಿಸಿದೆವು. ನಮ್ಮ ತಾಯಿ ಗಡಿಯಾರ ಹಿಡಿದರು, ಮಗಳು ಸೀಮೆಸುಣ್ಣದಿಂದ ಗೆರೆ ಎಳೆದಳು. ನೆರಳು ಮುಕ್ಕಾಲು ಮೀಟರಿನಷ್ಟಿತ್ತು. ಓದುಗ ವಿದ್ಯಾರ್ಥಿಗಳು ತಮ್ಮ ಮನೆಯ ತಮ್ಮ ತಂಗಿಯರೊಡನೆ ಇದನ್ನು ಮಾಡಿನೋಡಬಹುದು. ಖರ್ಚು ಏನೂ ಇಲ್ಲ.

ಗೆರೆ ಮುಗಿಸಿದ ಮಗಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ದಾದಿ, ಹಾಗಾದರೆ ಈಗ ಮಕ್ಕಾದಲ್ಲಿ ಕೋಲಿಗೆ ನೆರಳೇ ಇಲ್ಲವೇ?”

ನಮ್ಮ ತಾಯಿ ನಮ್ಮ ಕಡೆ ತಿರುಗಿದರು. “ನೀನು ಸುಮ್ಮನಿರು. ಅವಳೇ ಹೇಳಲಿ” ಎಂದರು.